ಬೀಯಮ್ಮಜ್ಜಿ ಒಂಟಿ ಕಾಲಿನಲ್ಲಿ ನಿಂತ ಆರು ತಿಂಗಳು

ಬಿ.ಸಿ.ರೋಡ್, ಬಂಟ್ವಾಳ
17 ಆಗಸ್ಟ್ 2025

ಪ್ರೀತಿಯ ತೃಪ್ತಿ,

ಎಂಚ ಉಲ್ಲ ಮಾರಾಯ್ತಿ? ನಾರಾವಿಯ ಮನೆಯಲ್ಲಿ ಎಲ್ಲರೂ ಸೌಖ್ಯ ಎಂದುಕೊಂಡಿದ್ದೇನೆ. ನೀನು ಮೇ ತಿಂಗಳಲ್ಲಿ ಕೇಳಿದ್ದಕ್ಕೆ ಆಗಸ್ಟಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ನಾವು ಮೂಡುಬಿದಿರೆಯಲ್ಲಿ ಮೂರು ವರ್ಷ ಕಲಿತದ್ದು ಆರೋಗ್ಯ ವಿಜ್ಞಾನ ಮತ್ತು ಮಾನವ ಕಾರ್ಯಕ್ಷಮತೆ. ನನ್ನಲ್ಲಿ ಕಾರ್ಯ ಯಾವತ್ತೂ ಕಡಿಮೆ, ಆದ್ದರಿಂದ ಕ್ಷಮೆಯ ಭಾಗವನ್ನು ನೀನು ನೋಡಿಕೋ. ವಾಟ್ಸಾಪಿನಲ್ಲಿ ನೀಲಿ ಗೆರೆ ಬಿದ್ದ ಮೇಲೂ ಸುಮ್ಮನಿದ್ದಾಳಲ್ಲ ಎಂದು ನೀನು ಬೈದುಕೊಂಡಿರಬೇಕು. ಇದು ಹೆಬ್ಬೆರಳಿನಲ್ಲಿ ಒತ್ತಿ ಕಳಿಸುವ ವಿಷಯವಲ್ಲ, ನಾನೂ ಅಷ್ಟರಮಟ್ಟಿಗೆ ಹೆಬ್ಬೆಟ್ಟಲ್ಲ. ಅದಕ್ಕೇ ಕಾಗದ ಹಿಡಿದೆ.

ಇಲ್ಲಿಯ ಸುದ್ದಿ ಸ್ವಲ್ಪವೇ. ಶಾಫಿ ದಮ್ಮಾಮಿನಿಂದ ಡಿಸೆಂಬರಿನಲ್ಲಿ ಬರುತ್ತಾರಂತೆ. ಆಫ್ರಾ ಎರಡನೇ ಕ್ಲಾಸು, ಬಾಯಿ ಮಾತ್ರ ಡಿಗ್ರಿ. ನಾನು ವಾರದಲ್ಲಿ ಐದು ದಿನ ಅರುವತ್ತು ದಾಟಿದ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುತ್ತೇನೆ. ಕೈ ಎತ್ತಿ ಎಂದರೆ ಎತ್ತುವುದಿಲ್ಲ, ಸೊಸೆಯ ವಿಷಯ ಎತ್ತುತ್ತಾರೆ.

ಇನ್ನು ನಿನ್ನ ಪ್ರಶ್ನೆ. ನಾವು ಕಲಿತ ಕಾಲೇಜಿನಲ್ಲೇ ನೀನೀಗ ಪಾಠ ಮಾಡುತ್ತೀ, ವಿಭಾಗದ ಕಪಾಟಿನಲ್ಲಿ ನನ್ನ ಹಳೆಯ ಪ್ರಾಜೆಕ್ಟು ಸಿಕ್ಕಿದೆ, ಅದರಲ್ಲಿರುವ ಬೀಯಮ್ಮಜ್ಜಿಯ ಗ್ರಾಫನ್ನು ಹೊಸ ಮಕ್ಕಳಿಗೆ ಮಾದರಿ ಎಂದು ತೋರಿಸಬಹುದಾ ಎಂದು ಕೇಳಿದ್ದೀ. ನೀನು ಕಳಿಸಿದ ಫೋಟೋವನ್ನು ನೋಡುತ್ತ ಕೂತವಳಿಗೆ ಹತ್ತು ವರ್ಷ ಹಿಂದಕ್ಕೆ ಬಸ್ಸು ಸಿಕ್ಕಿದ ಹಾಗಾಯಿತು.

ನೆನಪುಂಟಾ? ನಾನು ವೇಣೂರಿನ ಬಸ್ಸಿನಲ್ಲಿ, ನೀನು ನಾರಾವಿಯ ಬಸ್ಸಿನಲ್ಲಿ. ಮೂಡುಬಿದಿರೆಯ ಸ್ಟ್ಯಾಂಡಿನಲ್ಲಿ ಮೊದಲು ಇಳಿದವಳು ಇನ್ನೊಬ್ಬಳಿಗೆ ಕಾಯಬೇಕು ಎಂಬ ಒಪ್ಪಂದ. ಹೆಸರು ತೃಪ್ತಿಯಾದರೂ ಎರಡನೇ ಪ್ಲೇಟು ಗೋಳಿಬಜೆ ಬಾರದೆ ನೀನು ಕ್ಲಾಸಿಗೆ ಹೊರಡುತ್ತಿರಲಿಲ್ಲ. ಮೊದಲ ವರ್ಷ ನಾಡಿ ನೋಡಲು ಕಲಿತು, ಸಿಕ್ಕಿದವರ ಮಣಿಕಟ್ಟು ಹಿಡಿದು ನಾಡೆಲ್ಲ ತಿರುಗಿದೆವು. ನಮ್ಮೂರಿನ ಅಂಗಡಿಯ ಅಬ್ದುಲ್ ರಹಿಮಾನ್ ಬ್ಯಾರಿಗಳು ನನ್ನನ್ನು ಅರ್ಧ ಡಾಕ್ಟರ್ ಎಂದು ತಿಳಿದು ಮೊಣಕಾಲು ನೋವಿಗೆ ಮದ್ದು ಕೇಳಿದ್ದರು. ನಾವು ಮದ್ದು ಕೊಡುವುದಿಲ್ಲ, ಅಳೆಯುವುದು ಮಾತ್ರ ಎಂದದ್ದಕ್ಕೆ, ಅದನ್ನು ಟೈಲರನೂ ಮಾಡುತ್ತಾನಲ್ಲ ಎಂದರು.

ಮೂರನೇ ವರ್ಷ ಸುಧಾಕರ ಸರ್ ಕೊಟ್ಟ ಕೆಲಸವೂ ಅಳೆಯುವುದೇ. ಪ್ರತಿಯೊಬ್ಬರೂ ಒಬ್ಬ ಹಿರಿಯರನ್ನು ಹಿಡಿದುಕೊಂಡು, ತಿಂಗಳಿಗೊಮ್ಮೆ, ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆ, ಒಂಟಿ ಕಾಲಿನಲ್ಲಿ ಎಷ್ಟು ಸೆಕೆಂಡು ನಿಲ್ಲುತ್ತಾರೆ ಎಂದು ಆರು ತಿಂಗಳು ಬರೆದಿಡಬೇಕು. ನನಗೆ ಹುಡುಕುವ ಕಷ್ಟವಿರಲಿಲ್ಲ. ಮನೆಯಲ್ಲೇ ಎಪ್ಪತ್ತಾರರ ಬೀಯಮ್ಮಜ್ಜಿ, ನನ್ನ ಉಮ್ಮನ ತಾಯಿ. ಸ್ಟಾಪ್‌ವಾಚ್ ಹಿಡಿಯಲು ಮೊದಲ ಸಲ ನೀನೂ ಬಂದಿದ್ದೆ. ಅಜ್ಜಿ ನಿನಗೆ ಬಾಳೆಕಾಯಿ ಪೋಡಿ ಕೊಟ್ಟು, ನನ್ನ ಕಡೆ ತಿರುಗಿ ಕೇಳಿದ್ದರು: "ಕೂತು ಏಳುವುದನ್ನು ಕಲಿಯಲಿಕ್ಕೆ ಕಾಲೇಜಿಗೆ ಫೀಸು ಕಟ್ಟಬೇಕಾ?" ನಮಾಜಿನಲ್ಲಿ ದಿನಕ್ಕೆ ಐದು ಹೊತ್ತು ಕೂತು ಎದ್ದವರಿಗೆ ಕುರ್ಚಿ ಯಾವ ಲೆಕ್ಕ? ಒಂಟಿ ಕಾಲಿನಲ್ಲಿ ನಿಲ್ಲಿಸಿದಾಗ ಮಾತ್ರ, "ಈ ಪ್ರಾಯದಲ್ಲಿ ನನ್ನನ್ನು ಕೊಕ್ಕರೆ ಮಾಡಿದಿಯಲ್ಲ" ಎಂದು ಗೊಣಗುತ್ತ ಇಪ್ಪತ್ತೊಂದು ಸೆಕೆಂಡು ನಿಂತರು. ನೀನು ನಕ್ಕು ಗುಂಡಿ ಒತ್ತಲು ಮರೆತದ್ದರಿಂದ ಇನ್ನೊಮ್ಮೆ ನಿಲ್ಲಿಸಿ ಸಿಕ್ಕಿದ ಲೆಕ್ಕ ಅದು.

ಆಮೇಲೆ ಹತ್ತೊಂಬತ್ತು, ಹದಿನಾರು, ಹನ್ನೆರಡು, ಎಂಟು. ನವೆಂಬರಿನಲ್ಲಿ ನಾಲ್ಕು. ಉಳಿದವರ ಗೆರೆಗಳೆಲ್ಲ ಗುರುವಾಯನಕೆರೆಯ ನೀರಿನ ಹಾಗೆ ಚಪ್ಪಟೆ. ನನ್ನದು ಚಾರ್ಮಾಡಿ ಘಾಟಿ ಇಳಿದ ಹಾಗೆ. ಇಡೀ ಕ್ಲಾಸು ನನ್ನ ಪುಸ್ತಕ ನೋಡಲು ಬಂತು. ನೀನು ಹೊಟ್ಟೆಕಿಚ್ಚಿನಿಂದ, ನಿನ್ನ ಅಜ್ಜಿಯನ್ನು ನನಗೆ ಒಂದು ತಿಂಗಳು ಸಾಲ ಕೊಡು ಎಂದೆ. ಐವತ್ತಕ್ಕೆ ನಲವತ್ತೆಂಟು ಅಂಕ ಬಂದ ದಿನ ಸ್ಟ್ಯಾಂಡಿನ ಎದುರು ಒಂದೇ ಗಡ್‌ಬಡ್ ಐಸ್‌ಕ್ರೀಮಿಗೆ ಎರಡು ಚಮಚ ಹಾಕಿ ತಿಂದೆವು. ಅಷ್ಟು ಸಂತೋಷ ಮದುವೆಯ ದಿನವೂ ನನಗೆ ಆಗಿರಲಿಲ್ಲ, ಶಾಫಿಗೆ ಹೇಳಬೇಡ.

ಅದಾದ ಎಂಟನೆಯ ದಿನ ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಅಡುಗೆಮನೆಯ ಹಿಂದಿನ ನೀರಿನ ಕಲ್ಲಿನ ಹತ್ತಿರ ಅಜ್ಜಿ ಬಿದ್ದರು. ಸೊಂಟದ ಮೂಳೆ. ನೀನು ಆಸ್ಪತ್ರೆಗೆ ಕಿತ್ತಳೆ ತಂದಿದ್ದೆ. ಅಷ್ಟು ನೋವಿನಲ್ಲೂ ಅಜ್ಜಿ ನಿನ್ನ ಕೈ ಹಿಡಿದು, "ಇನ್ನು ಅಳೆಯಲಿಕ್ಕೆ ಬರಬೇಡ, ನಾನು ಫೈಲ್ ಆದೆ" ಎಂದರು. ಏಳು ತಿಂಗಳು ಮಲಗಿದಲ್ಲೇ ಇದ್ದು ಹೋದರು.

ಗ್ರಾಫನ್ನು ತೋರಿಸು. ಆದರೆ ಅದರ ಮೇಲೆ ನಾನು ಜಾಣೆಯ ಹಾಗೆ ಬರೆದ "ವ್ಯಕ್ತಿ 7" ಎಂಬುದನ್ನು ಹೊಡೆದು ಹಾಕಿ ವೇಣೂರಿನ ಬೀಯಮ್ಮ ಎಂದು ಬರೆ. ನಮ್ಮ ಬ್ಯಾಚಿನವರು ಯಾರಾದರೂ ಸಿಕ್ಕಿದರೆ ನನ್ನ ಸಲಾಂ ಹೇಳು. ನಿನ್ನ ಕ್ಲಾಸಿನ ನಲವತ್ತು ಜೋಡಿ ಕಾಲುಗಳು ಗಟ್ಟಿಯಾಗಿರಲಿ, ನಿನ್ನ ಗಂಟಲೂ.

ನಿನ್ನ,
ಮಿಸ್ರಿಯಾ

ತಾ.ಕ.: ತಡವಾದದ್ದು ಸೋಮಾರಿತನದಿಂದಲ್ಲ, ತೃಪ್ತಿ. ಪ್ರಾಜೆಕ್ಟಿನ ವೈವಾದ ದಿನ ನೀನು ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಒಳಗೆ ಸುಧಾಕರ ಸರ್ ಗ್ರಾಫ್ ನೋಡಿ ಮೊದಲು ಕೇಳಿದ್ದು, ಇದನ್ನು ಮನೆಯಲ್ಲಿ ಹೇಳಿದ್ದೀಯಾ ಎಂದು. ಹೇಳಿದ್ದೇನೆ ಸರ್ ಎಂದೆ. ಹೇಳಿರಲಿಲ್ಲ. ಎಂಟು ಸೆಕೆಂಡು ಬಂದಾಗಲೇ ನನಗೆ ಅರ್ಥವಾಗಿತ್ತು. ಹೇಳಿದ್ದರೆ ಉಮ್ಮ ಅವರನ್ನು ಡಾಕ್ಟರರಿಗೆ ತೋರಿಸುತ್ತಿದ್ದರು, ವ್ಯಾಯಾಮ ಶುರುವಾಗುತ್ತಿತ್ತು, ಗೆರೆ ಮತ್ತೆ ಮೇಲೆ ಹೋಗುತ್ತಿತ್ತು. ನನಗೆ ಆ ಇಳಿಜಾರು ಬೇಕಿತ್ತು. ವೈವಾ ಮುಗಿದ ಮೇಲೆ ಹೇಳುವ ಅಂದುಕೊಂಡೆ. ಮುಗಿದ ಮೇಲೆ ಮರೆತೆ.

ನಮಾಜಿಗೆ ಮೊದಲು ಕಾಲು ತೊಳೆಯುವಾಗ ಒಂಟಿ ಕಾಲಿನಲ್ಲಿ ನಿಲ್ಲಬೇಕು. ಅದು ನಾಲ್ಕು ಸೆಕೆಂಡಿನ ಕೆಲಸವಲ್ಲ. ಕೂತು ತೊಳೆಯಲಿಕ್ಕೆ ಆ ನೀರಿನ ಕಲ್ಲಿನ ಹತ್ತಿರ ಒಂದು ಮಣೆ ಹಾಕಿದ್ದರೆ ಸಾಕಿತ್ತು. ಗ್ರಾಫ್ ತೋರಿಸುವಾಗ ನಿನ್ನ ಮಕ್ಕಳಿಗೆ ಇದನ್ನೂ ಹೇಳು, ನನ್ನ ಹೆಸರು ಹಾಕಿಯೇ ಹೇಳು.

ಉಮ್ಮ ಮಾತ್ರ, ತಾನು ಚೆಲ್ಲಿದ ನೀರನ್ನು ಒರೆಸದ ಕಾರಣ ತಾಯಿ ಬಿದ್ದರು ಎಂದೇ ನಂಬಿದ್ದರು. ಈಗಲೂ ದಿನಕ್ಕೆ ಐದು ಸಲ ಆ ಕಲ್ಲನ್ನು ಬಟ್ಟೆಯಿಂದ ಒರೆಸುತ್ತಾರೆ. ನಿನ್ನ ಫೋಟೋ ಬಂದ ಮೇಲೆ ಹೇಳಬೇಕೆಂದು ಮೂರು ಸಲ ವೇಣೂರಿಗೆ ಹೋಗಿ ಮೂರು ಸಲವೂ ಮೀನುಸಾರು ಉಂಡು ಬಂದೆ. ನಿನ್ನೆ ಹೇಳಿದೆ.

ಅವರು ಅಳಲಿಲ್ಲ, ಬೈಯಲೂ ಇಲ್ಲ. ಅಷ್ಟು ತಿಂಗಳು ನಿನಗೆ ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿತ್ತು ಎಂದೆ. ತುಂಬ ಹೊತ್ತು ಅಕ್ಕಿ ಆರಿಸಿದರು. ಆಮೇಲೆ ಗೆರಸೆ ಬದಿಗಿಟ್ಟು ಎದ್ದು, ಗೋಡೆಯಿಂದ ದೂರ ಬಂದು, ಒಂದು ಕಾಲು ಎತ್ತಿ ನಿಂತರು.

"ಎಣಿಸು," ಎಂದರು. "ಎಷ್ಟಾಯಿತೂಂತ ನನಗೆ ಹೇಳು."

ಹದಿಮೂರಕ್ಕೆ ಅವರ ಕಾಲು ನೆಲ ಮುಟ್ಟಿತು. ಹೇಳಿದೆ.