ಮುಳ್ಳು ಸಿಗದ ಗಂಟಲು

ನವೆಂಬರ್ ೧೧, ಮಂಗಳವಾರ. ಕಾರವಾರ

ಹೊರರೋಗಿಗಳ ಸಾಲು ಕರಗುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಕೊನೆಯವಳು ಹೀರಾ. ಚಿತ್ತಾಕುಲದವಳು, ಮೀನು ಮಾರುತ್ತಾಳೆ. ನುಂಗಿದ ಅನ್ನ ಎದೆಯಲ್ಲೇ ನಿಲ್ಲುತ್ತದೆ, ಈಗೀಗ ನೀರೂ. ಮೈ ತೀರ ಸೊರಗಿದೆ. ಅನ್ನನಾಳದ ಕೆಳತುದಿಯ ಸ್ನಾಯು ಬಿಗಿದುಕೊಂಡಿದೆ, ಸಡಿಲಗೊಳ್ಳುತ್ತಿಲ್ಲ. ಬಾಯಿಂದ ಎಂಡೋಸ್ಕೋಪ್ ಕೊಳವೆ ಇಳಿಸಿ ಒಳಗಿನಿಂದಲೇ ಅದನ್ನು ಕತ್ತರಿಸಬೇಕು.

ವಿನುತಾ ಮಾಡಲಿ ಎಂದು ತೀರ್ಮಾನಿಸಿದ್ದೇನೆ. ಅಗಸೂರಿನ ಹುಡುಗಿ, ನನ್ನ ಬಳಿ ಕಲಿತ ವೈದ್ಯರಲ್ಲಿ ಇಷ್ಟು ಸಮಾಧಾನದ ಕೈ ಬೇರೆ ಕಂಡಿಲ್ಲ. ಪಕ್ಕದಲ್ಲಿ ನಾನಿರುತ್ತೇನೆ.

"ಹಿಂದೆ ಎಂತಾದ್ರೂ ಆಪರೇಶನ್ ಆಗಿತ್ತನಾ ಅಮ್ಮಾ?" ವಿನುತಾ ಕೇಳಿದಳು.

"ಇಲ್ಲಾ ತಂಗಿ. ನನ್ನ ಕತ್ತಿ ಮೀನಿಗೆ ತಾಗಿದ್ದೇ ಹೊರತು ನನ್ನ ಮೈಗೆ ತಾಗ್ಲಿಲ್ಲ."

ನಕ್ಕೆವು. 'ಇಲ್ಲ' ಎಂದು ಬರೆದುಕೊಂಡೆವು.

ನವೆಂಬರ್ ೧೮, ಮಂಗಳವಾರ. ಸಂಜೆ

ಭುಜ ಇನ್ನೂ ಬಿಗಿದಿದೆ...

ಇಂದು ಹೀರಾಳ ಆಪರೇಶನ್. ಮೊದಲರ್ಧ ಸಲೀಸು. ಅನ್ನನಾಳದ ಒಳಪೊರೆಯ ಕೆಳಗೆ ನೀಲಿ ದ್ರವ ತುಂಬಿ, ಪೊರೆಯನ್ನು ಸ್ನಾಯುವಿನಿಂದ ಎತ್ತಿ, ನಡುವೆ ಸುರಂಗ ಬಿಡಿಸುತ್ತ ವಿನುತಾ ಇಳಿದಳು. ಕೆಳತುದಿಯ ಹತ್ತಿರ ಪೊರೆ ಏಳಲಿಲ್ಲ. ಪರದೆಯ ಮೇಲೆ ನೀಲಿಯ ಬದಲು ಬಿಳಿ ನಾರು—ಹಳೆಯ ಗಾಯದ ಕಲೆ, ಪೊರೆಯನ್ನೂ ಸ್ನಾಯುವನ್ನೂ ಅಂಟಿಸಿಬಿಟ್ಟಿದೆ. ಅಲ್ಲಿ ಒತ್ತಿದರೆ ಪೊರೆ ಹರಿಯುತ್ತದೆ. ನುಂಗಿದ್ದು ಎದೆಗೂಡಿನೊಳಗೆ ಸೋರಿದರೆ ಜೀವಕ್ಕೇ ಕುತ್ತು.

ನರ್ಸ್ ಸುನೀತಾ ಹೊರಗಿದ್ದ ಹೀರಾಳ ಮಗ ರೂಪೇಶನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ತಾಯಿಗೆ ಹಿಂದೆ ಆಪರೇಶನ್ ಆಗಿತ್ತೇ ಎಂದು ಕೇಳಿದಳು.

"ಆಪರೇಶನ್ ಆಗ್ಲೇ ಇಲ್ರಾ. ಗೋವಾದಲ್ಲಿ ಒಂದ್ಸಲ ಮುಳ್ಳು ತೆಗ್ಸೂಕೆ ಹೋಗಿದ್ರು, ಅಷ್ಟೇಯ."

"ಮುಳ್ಳು ಸಿಕ್ತಾ?" ಎಂದೆ.

"ಇಲ್ಲ. ಒಳಗೆ ಬಲೂನ್ ಬಿಟ್ಟು ಉಬ್ಸಿ ಕಳ್ಸಿದ್ರು. ಮುಳ್ಳು ಸಿಕ್ಕೂದನ್ನೆಲ್ಲಾ ಯಾರಾದ್ರೂ ಹೇಳ್ತ್ರಾ ಸಾಹೇಬ್ರೆ? ನಮ್ಮನೇಲಿ ದಿನಾ ಯಾರಿಗಾದ್ರೂ ಸಿಕ್ತದೆ."

ಮೀನಿನ ಮನೆಯಲ್ಲಿ ಗಂಟಲು ಹಿಡಿದರೆ ಅದು ಮುಳ್ಳು. ಕಾಯಿಲೆಯ ಲೆಕ್ಕಕ್ಕೆ ಬರುವುದಿಲ್ಲ. ಅಂದೂ ಇದೇ ಬಿಗಿತ; ಅದನ್ನು ಸಡಿಲಿಸಲು ಬಲೂನು ಹರಿದ ಸ್ನಾಯು ಹೀಗೆ ಕಲೆಗಟ್ಟಿ ಮಾಯ್ದಿದೆ.

ನನ್ನ ಕೈ ಸ್ಕೋಪಿನತ್ತ ಚಾಚಿತು. ವಿನುತಾ ಬಿಡಲಿಲ್ಲ. ಮುಂದೊತ್ತಲೂ ಇಲ್ಲ.

"ಸರ್, ಈ ಸುರಂಗ ಇಲ್ಲಿಗೇ ಬಿಡ್ತೆ. ಕ್ಲಿಪ್ ಹಾಕಿ ಮುಚ್ಚಿ, ಎದುರು ಗೋಡೆಯಿಂದ ಹೊಸದು ಶುರು ಮಾಡ್ತೆ."

"ಅಲ್ಲೂ ಕಲೆ ಇದ್ದರೆ?"

"ಅಲ್ಲೂ ನಿಲ್ಲಿಸ್ತೆ, ಸರ್."

ಕೈ ಹಿಂತೆಗೆದುಕೊಂಡೆ.

ಎದುರು ಗೋಡೆಯಲ್ಲಿ ನೀಲಿ ಏರಿತು. ಬಿಳಿ ನಾರು ಅಲ್ಲಲ್ಲಿ, ಒಂದೊಂದನ್ನೇ ಬಿಡಿಸಿದಳು. ಸ್ನಾಯು ಕತ್ತರಿಸಿದಾಗ ದಾರಿ ತೆರೆದುಕೊಂಡಿತು. ಆದರೆ ಒಂದೆಡೆ ಪೊರೆ ಬಹಳ ತೆಳುವಾಗಿದೆ. ತಡೆಯುವುದೋ ಇಲ್ಲವೋ—ನಾಳೆಯ ಎಕ್ಸ್-ರೇ ಹೇಳಬೇಕು.

ನವೆಂಬರ್ ೧೯, ಬುಧವಾರ. ಬೆಳಿಗ್ಗೆ

ಎಕ್ಸ್-ರೇಯಲ್ಲಿ ಎದ್ದು ಕಾಣುವ ಔಷಧ ಕುಡಿಸಿ ಚಿತ್ರ ತೆಗೆದರು. ವಿನುತಾ ಪರದೆಯ ಪಕ್ಕವೇ ನಿಂತಿದ್ದಳು. ಸೋರಿಕೆ ಇಲ್ಲ. ಔಷಧದ ಗೆರೆ ನೇರ ಹೊಟ್ಟೆಗೆ.

ನಂತರ ನೀರು. ಹೀರಾ ಲೋಟ ಹಿಡಿದು ನಮ್ಮನ್ನೆಲ್ಲ ನೋಡಿದಳು.

"ಒಂದ್ ಗುಟ್ಕು ನೀರಿಗೆ ಇಷ್ಟ್ ಜನ ಕಾವಲಾ?"

ಕುಡಿದಳು. ರೂಢಿಯಂತೆ ಎದೆ ಒತ್ತಿಕೊಂಡು ಕಾದಳು. ಒತ್ತಿದ ಕೈ ಮೆಲ್ಲನೆ ಸಡಿಲವಾಯಿತು. ಮತ್ತೊಂದು ಗುಟುಕು.

"ಗಂಜಿ ಯಾವಾಗ ಕೊಡ್ತೆ ತಂಗಿ?"

ವಿನುತಾ ನನ್ನತ್ತ ತಿರುಗಿದಳು. "ನೀನೇ ಹೇಳು," ಎಂದೆ. "ನಾಳೆ ಬೆಳಿಗ್ಗೆ ಕೊಡ್ತೆ ಅಮ್ಮಾ," ಎಂದಳು.