ಬರೀ ಕಲ್ಲು

ಬಾಗೂರು
12-3-1941

ತಮ್ಮ ಪಂಚಾಕ್ಷರಿಗೆ,

ಆಶೀರ್ವಾದ ಬರೆಯಲು ಈ ಸಲ ಮನಸ್ಸು ಬರಲಿಲ್ಲ.

ಅಪ್ಪನ ಹೆಣದ ಮುಂದೆಯೇ ನೀನು ವಾದಕ್ಕೆ ನಿಂತೆ. “ಮನಸ್ಸು ಅನ್ನೋದು ಮಿದುಳಿನ ಕೆಲಸ ಕಣಕ್ಕ, ಅದು ನಿಂತ್ಮೇಲೆ ಅಪ್ಪ ಇಲ್ಲ. ಇಷ್ಟಲಿಂಗ ಬರೀ ಕಲ್ಲು” ಅಂದೆ. ಹಾಸನದಲ್ಲಿ ಸೈನ್ಸ್ ಮೇಷ್ಟ್ರು, ಓದಿದವನು ಎಂದು ಸಹಿಸಿಕೊಂಡೆವು. ಅಪ್ಪನ ಕೊರಳಲ್ಲಿದ್ದ, ಅಂಗೈಯಲ್ಲಿಟ್ಟು ಸಮಾಧಿ ಮಾಡಬೇಕಿದ್ದ ಆ ಲಿಂಗ ಎಲ್ಲಿ ಹುಡುಕಿದರೂ ಸಿಗದೆ, ಅಯ್ಯನವರು ಬೇರೆಯದನ್ನು ಇಟ್ಟು ಮಣ್ಣು ಮುಚ್ಚಿಸಿದರು.

ಅದು ನಿನ್ನ ಟ್ರಂಕಿನಲ್ಲಿದೆ ಎಂದು ಈಗ ನಿನ್ನ ಹೆಂಡತಿ ಹೇಳುತ್ತಾಳೆ. ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟುಕೊಂಡು “ತಪ್ಪಾಯ್ತು ಕಣಪ್ಪ” ಅನ್ನುತ್ತೀಯಂತೆ. ಕಳ್ಳ!

ಅದನ್ನು ಅಪ್ಪನ ಸಮಾಧಿಯಲ್ಲಿ ಹೂಳಬೇಕು. ಕಲ್ಲಾಗಿದ್ದರೆ ಬಸ್ಸಿನವನ ಕೈಲಿ ಕಳಿಸು. ಅಪ್ಪನಾಗಿದ್ದರೆ ನೀನೇ ತೆಗೆದುಕೊಂಡು ಬಾ.

ನಿನ್ನ ಅಕ್ಕ,
ಬಸವಲಿಂಗಮ್ಮ