ಅವ್ವನ ಹಾಡಿನ ಜೊತೆ ಬಂದದ್ದು

ಇಂಡಿ
೧೨-೧೧-೨೦೦೯

ಪ್ರೀತಿಯ ಅವ್ವಾ,

ಮೊಣಕಾಲು ನೋವು ಹೇಗಿದೆ? ತಂಗಿ ಭುವನೇಶ್ವರಿಯ ಬಾಣಂತನ ಮಾಡುತ್ತ ಕೊಲ್ಹಾರದ ಹಿನ್ನೀರಿನ ಗಾಳಿಗೆ ಮೈಯೊಡ್ಡಬೇಡ, ಕೂಸಿಗೆ ಹೊದಿಸುವ ಕೌದಿಗಳಲ್ಲಿ ಒಂದನ್ನು ನೀನೂ ಹೊದ್ದುಕೋ. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೇ ಈ ಕಾಗದ.

ದಸರೆಯ ಖಂಡೇಪೂಜೆಯ ದಿನ ಸಕ್ಕರೆ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ, ಕಂಪ್ಯೂಟರಿನಲ್ಲಿ ನೀನು ಹಾಡಿದ ದೇವಿಹಾಡು ಹಾಕಿದ್ದೆನಲ್ಲ. ಪೇಟೆಯ ಅಂಗಡಿಯಲ್ಲಿ ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬಂದದ್ದು. ‘ಹೊರಗಿನ ಪೆನ್‌ಡ್ರೈವ್ ಹಾಕಬಾರದು’ ಎಂದು ಬಾಗಿಲಿಗೆ ಬೋರ್ಡು ಬರೆಸಿದ ಎಂಜಿನಿಯರೂ ನಾನೇ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಎಲ್ಲರೂ ನಿನ್ನ ದನಿ ಹೊಗಳಿದರು, ನಾನು ಉಬ್ಬಿಹೋದೆ.

ಕಬ್ಬು ಅರೆಯಲು ಶುರುವಾದ ವಾರದಲ್ಲೇ ರಸದ ತೊಟ್ಟಿ ಉಕ್ಕಿ ಹರಿಯಿತು. ಪಾಳಿಯಲ್ಲಿದ್ದವನು ನಮ್ಮ ಓಣಿಯ ಜೈನುದ್ದೀನ. “ತೊಟ್ಟಿ ಅರ್ಧಾನ ತುಂಬೈತಿ ಅಂತ ತೋರಸ್ತಿತ್ರಿ ಬಾಯಾರ, ಖರೇನ ಹೇಳಾಕತ್ತೇನ್ರಿ” ಎಂದ. ನಾನು ಬಂದಾಗ ಪರದೆ ಸರಿಯಾಗಿಯೇ ಇತ್ತು. ಯಂತ್ರ ಸುಳ್ಳು ಹೇಳುವುದಿಲ್ಲ, ನೀನೇ ನಿದ್ದೆ ಮಾಡಿರಬೇಕು ಎಂದು ಎಲ್ಲರೆದುರು ಬೈದೆ. ನನ್ನ ಮಾತಿನ ಮೇಲೆಯೇ ಅವನನ್ನು ಮನೆಯಲ್ಲಿ ಕೂರಿಸಿದರು.

ಇವತ್ತು ಪರದೆ ನನ್ನ ಕಣ್ಣೆದುರೇ ಅದೇ ಸುಳ್ಳು ಹೇಳಿತು. ಯಂತ್ರ ನಡೆಸುವ ಕಂಟ್ರೋಲರಿನೊಳಗಿನ ಪ್ರೋಗ್ರಾಮನ್ನು ಕಪಾಟಿನಲ್ಲಿದ್ದ ಮೂಲಪ್ರತಿಗೆ ಹೋಲಿಸಿ ನೋಡಿದೆ. ನಾವ್ಯಾರೂ ಬರೆಯದ ಸಾಲುಗಳು ಅದರಲ್ಲಿದ್ದವು. ವೈರಸ್! ಹುಡುಕುತ್ತ ಹೋದರೆ ಅದು ನನ್ನ ಪೆನ್‌ಡ್ರೈವಿನಲ್ಲೇ, ನಿನ್ನ ಹಾಡಿನ ಮಗ್ಗುಲಲ್ಲೇ ಕೂತಿತ್ತು. ಕಂಟ್ರೋಲರನ್ನು ಸ್ವಚ್ಛ ಮಾಡಿದೆ, ವೈರಸ್ ಸಿಕ್ಕಿತೆಂದು ಮ್ಯಾನೇಜರರಿಗೆ ಹೇಳಿದೆ. “ಆ ಜೈನುದ್ದೀನ ಸಿನಿಮಾ ಹಾಡು ಕೇಳಾಕ ಪೆನ್‌ಡ್ರೈವ್ ಏನರೆ ಹಾಕಿರಬೇಕು, ನಾಳೆ ಕೆಲಸದಿಂದ ತಗದ ಬಿಡ್ತೇನಿ” ಎಂದರು. ಹಾಕಿದವಳು ನಾನೇ ಎಂದು ನಾನು ಹೇಳಲಿಲ್ಲ ಅವ್ವಾ.

ಸಂಜೆ ಅವನ ಹೆಂಡತಿ ಜೈತುನಬಿ ರೊಟ್ಟಿ, ಪುಂಡಿಪಲ್ಯ ತಂದಳು. “ಅವ್ವಾರ ಊರಾಗ ಇಲ್ಲ, ಏನ್ ಉಂಡೀರೋ ಏನೋ” ಎಂದಳು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ರೊಟ್ಟಿ ಹಾಗೇ ಇದೆ.

ಕೂಸಿಗೆ ನನ್ನದೊಂದು ಮುತ್ತು, ಭುವನೇಶ್ವರಿಗೆ ನೆನಪು. ನಿನ್ನ ಪಾದಕ್ಕೆ ಹಣೆ ಹಚ್ಚಿದ್ದೇನೆ.

ನಿನ್ನ ಮಗಳು
ಸುನಂದಾ

ತಾ.ಕ.: ಬೆಳಗಾಯಿತು. ಪೆನ್‌ಡ್ರೈವ್ ಹಿಡಿದುಕೊಂಡು ಮ್ಯಾನೇಜರರ ಹತ್ತಿರ ಹೊರಟಿದ್ದೇನೆ. ದಾರಿಯಲ್ಲಿ ಮೊದಲು ಈ ಕಾಗದವನ್ನು ಅಂಚೆಡಬ್ಬಿಗೆ ಹಾಕುತ್ತೇನೆ. ನನಗೆ ನನ್ನ ಮೇಲೇ ಭರವಸೆಯಿಲ್ಲ, ಬಾಗಿಲ ತನಕ ಹೋಗಿ ತಿರುಗಿ ಬಂದರೂ ಬಂದೇನು. ಇದು ಕೈಸೇರಿದ ಕೂಡಲೇ ಜೈತುನಬಿಗೆ ಫೋನ್ ಮಾಡಿ ಕೇಳು. ಜೈನುದ್ದೀನ ಕೆಲಸಕ್ಕೆ ಹೋಗಿಲ್ಲ ಎಂದರೆ, ಮಗಳು ಅಂತ ನೋಡಬೇಡ, ಈ ಕಾಗದವನ್ನೇ ಮ್ಯಾನೇಜರರಿಗೆ ಕಳಿಸಿಬಿಡು.